ಆವರಣದೊಳಗಿನ ಆ ಒಂದು ಸಾಲು

ನೀವು ಉಡುಪಿಯವರು, ಬಾಸೆಲ್ ಮಿಶನ್ ಕಾಲದಿಂದಲೂ ಕ್ರೈಸ್ತರಾದ ಮನೆತನ, ಕೆಲಸ ಬೆಂಗಳೂರಿನಲ್ಲಿ. ಪಿಜಿಯಲ್ಲಿ ನಾಲ್ಕು ವರ್ಷ ಜತೆಗಿದ್ದ ಗೆಳತಿ ಶಿರಸಿಯವಳು. ಅವಳ ಅಪ್ಪ ತೀರಿಕೊಂಡರು, ಅವಳು ಊರಿಗೆ ಮರಳಿದಳು. ಅಂದಿನಿಂದ ನೀವು ದಿನಾ ಬೆಳಿಗ್ಗೆ ಆರೂವರೆಗೆ ಸೂರ್ಯೋದಯದ ಚಿತ್ರದ ಮೇಲೊಂದು ಬೈಬಲ್ ವಾಕ್ಯ ಅಂಟಿಸಿ ವಾಟ್ಸ್ಆ್ಯಪಿಗೆ ಕಳಿಸಿದಿರಿ. ನಲವತ್ತನೆಯ ದಿನ ಅವಳು "ಸಾಕು ಮಾರಾಯ್ತಿ" ಅಂದು ಬ್ಲಾಕ್ ಮಾಡಿದಳು. ನಂಬಿಕೆ ಹಂಚಿಕೊಂಡದ್ದು ತಪ್ಪೇ ಎಂದು ಪತ್ರ ಬರೆದು ಕೇಳಿದ್ದೀರಿ. ಕೊನೆಗೆ ಬೈಬಲಿನ ಪೇತ್ರನ ಮೊದಲ ಪತ್ರಿಕೆ 3:15 ಎಂದು ಬರೆದು ಅಡಿಗೆರೆ ಬೇರೆ.

ತಪ್ಪೇನಲ್ಲ. ಆದರೆ ಮೂರನೆಯ ಪುಟದಲ್ಲಿ, ಆವರಣದೊಳಗೆ, ಹೀಗಿದೆ: "ಮೊದಲ ವಾರ ಅವಳು ರಾತ್ರಿ ಫೋನ್ ಮಾಡಿ, ನಿನ್ನಪ್ಪ ಹೋದಾಗ ನೀನು ಹ್ಯಾಗೆ ತಡ್ಕೊಂಡೆ ಅಂತ ಕೇಳಿದ್ದಳು. ನಮ್ಮ ಪಾಸ್ಟರ್ ಪ್ರಸಂಗದ ಲಿಂಕ್ ಕಳಿಸಿದೆ." ಇದು ಆವರಣದಲ್ಲಿ ಹಾಕುವ ಮಾತೇ?

ನೀವು ಗೆರೆ ಎಳೆದ ವಾಕ್ಯವನ್ನೇ ಬಿಡಿಸಿ ನೋಡಿ. ಕೇಳುವವರಿಗೆ ಉತ್ತರ ಕೊಡಿ, ಅದೂ ಮೆತ್ತಗೆ, ಗೌರವದಿಂದ ಅನ್ನುತ್ತಾನೆ ಪೇತ್ರ. ಕೇಳಿದ ದಿನ ಲಿಂಕ್ ಕೊಟ್ಟಿರಿ, ಕೇಳದ ನಲವತ್ತು ದಿನ ವಾಕ್ಯ ಕೊಟ್ಟಿರಿ.

ನನ್ನ ಸಿಟ್ಟು ನಿಮಗಿಂತ ನಿಮ್ಮ ಯುವಜನ ಕೂಟದ ಮುಂದಾಳಿನ ಮೇಲೆ. ಭಾನುವಾರ ಭಾನುವಾರ ಚೀಟಿ ಹಂಚಿ "ಈ ವಾರ ಎಷ್ಟು ಮಂದಿಗೆ ಹೇಳಿದಿರಿ" ಎಂದು ಎಣಿಸುತ್ತಾನಂತೆ. ಇವನೇನು ಸುವಾರ್ತೆ ಸಾರುತ್ತಿದ್ದಾನೋ, ತೆಂಗಿನಕಾಯಿ ಲೆಕ್ಕ ಬರೆಯುತ್ತಿದ್ದಾನೋ! ನಿಮ್ಮದೇ ಮಿಶನ್ನಿನ ಕಿಟೆಲ್ ಮತ ಸಾರಲೆಂದೇ 1853ರಲ್ಲಿ ಇಲ್ಲಿಗೆ ಬಂದವರು. ಜೈನ ಕವಿ ಕೇಶಿರಾಜನ ಹಳೆಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು 1872ರಲ್ಲಿ ಅಚ್ಚಿಗೆ ತಂದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು. ಈ ನೆಲದವರ ಮಾತಿಗೆ ಆ ಮನುಷ್ಯ ನಲವತ್ತು ವರ್ಷ ಕಿವಿಗೊಟ್ಟರು. ನಿಮಗೂ ನಲವತ್ತು ದಿನ ಸಿಕ್ಕಿತ್ತು.

ಗೆಳತಿ ಮೂರನೇ ದಿನವೇ ಬೇಡ ಅನ್ನಬಹುದಿತ್ತು. ಇರಲಿ, ಅಪ್ಪನನ್ನು ಕಳಕೊಂಡವಳು.

ಸಾವಿನ ಮನೆಗೆ ಕಾಲಲ್ಲಿ ಹೋಗಬೇಕು, ಬೆರಳಲ್ಲಲ್ಲ ಎಂದು ಈ ಅಂಕಣದಲ್ಲಿ ಬರೆದೂ ಬರೆದೂ ನನಗೇ ಬೇಜಾರು ಬಂದಿದೆ. ಅವಳ ಅಮ್ಮನಿಗೆ ಫೋನ್ ಮಾಡಿ, ಬರಲೇ ಎಂದು ಕೇಳಿ. ಬೇಡ ಅಂದರೆ ಕಾಯಿರಿ. ಬಾ ಅಂದರೆ ಶನಿವಾರ ರಾತ್ರಿಯ ಶಿರಸಿ ಬಸ್ಸು ಹತ್ತಿ, ಬಾಕಿ ಉಳಿದ ಆ ಉತ್ತರ ಕೊಟ್ಟು ಬನ್ನಿ. ಅಷ್ಟೇ ಕೆಲಸ.

ಉತ್ತರ ನಿಮ್ಮ ಪತ್ರದಲ್ಲೇ ಇದೆಯಲ್ಲ. ಅಪ್ಪ ಹೋದ ಮರುರಾತ್ರಿ ನಿದ್ದೆ ಬಾರದೆ ಅಡುಗೆಮನೆಗೆ ಬಂದರೆ, ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಏನೋ ಹಾಡುತ್ತಿದ್ದರು. ಯಾವ ಕೀರ್ತನೆ ಅಂದದ್ದಕ್ಕೆ "ಗೊತ್ತಿಲ್ಲ, ಬಾಯಿಗೆ ಬಂತು" ಅಂದರು. ನೀವೂ ಕೂತು ಕಲ್ಲು ಹೆಕ್ಕಿದಿರಿ. ನಿಮ್ಮವರು ಸಾಕ್ಷಿ ಅನ್ನುವುದು ಇದಕ್ಕೇ ಅಲ್ಲವೇ? ಇಷ್ಟು ಹೇಳಿ. ಹೇಳುವಾಗ ಯೇಸುವಿನ ಹೆಸರು ಬಂದರೆ ಬರಲಿ, ಮುಚ್ಚಿಡಬೇಡಿ. ಆಮೇಲೆ ಅವಳ ಅಪ್ಪನ ಬಗ್ಗೆ ಕೇಳಿ, ಸುಮ್ಮನೆ ಕೂತಿರಿ. ಊಟಕ್ಕೆ ಅವಳ ಅಮ್ಮ ತಂಬುಳಿ ಬಡಿಸಿದರೆ ಇನ್ನೊಂದು ಸೌಟು ಹಾಕಿಸಿಕೊಳ್ಳಿ.