ಮನೆ ಮಾರುವ ಮೊದಲು ಇದನ್ನೊಮ್ಮೆ ಓದಿ

ಮನೆ ಮಾರಿ, ಆದಿಸಭೆಯವರ, ಅಂದರೆ ಯೇಸುವಿನ ಮೊದಲ ಶಿಷ್ಯರ, ಹಾಗೆ ನಾಲ್ಕೈದು ಕುಟುಂಬ ಸೇರಿ ಬಾಳಬಹುದಾ ಅಂತ ಕೇಳಿದ್ದೀರಿ. ನಾವು ಹಾಗೆ ಬಾಳಿದವರು. 2011ರಲ್ಲಿ, ಮಂಗಳೂರಿನ ಜೆಪ್ಪುವಿನ ಒಂದು ಹಳೇ ಹಂಚಿನ ಮನೆಯಲ್ಲಿ, ನಾಲ್ಕು ಕುಟುಂಬಕ್ಕೆ ಒಂದೇ ಒಲೆ.

ಸರಳವಾಗಿ ಬದುಕುವುದು ಕಷ್ಟವೇ ಆಗಲಿಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಸಂಜೆ ಎಲ್ಲರೂ ಕೂತು ಹಾಡು, ಪ್ರಾರ್ಥನೆ. ಅದನ್ನೆಲ್ಲ ಕೆಡಿಸಿದ್ದು ನನ್ನದೊಂದು ಪುಸ್ತಕ.

ನಾನು ಬ್ಯಾಂಕಿನಲ್ಲಿದ್ದವನು. ಮುಂದೆ ಯಾರಿಗೂ ಸಂಶಯ ಬರಬಾರದೆಂದು ಅಡಿಗೆಮನೆ ಗೋಡೆಗೆ ಲೆಕ್ಕದ ಪುಸ್ತಕ ನೇತುಹಾಕಿದೆ. ಖರ್ಚಿನ ಲೆಕ್ಕ ಬೇಕೇ ಬೇಕು, ಅದು ತಪ್ಪಲ್ಲ. ಯಾರು ಎಷ್ಟು ಕೊಟ್ಟರೆಂದು ಹೆಸರು ಹಾಕಿ ಬರೆದದ್ದು ತಪ್ಪು. ನಮ್ಮಲ್ಲೊಬ್ಬರು ದಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ, ಮೀನು ಹೊರುವವರು. ಮಳೆಗಾಲದಲ್ಲಿ ಕೆಲವು ವಾರ ಟ್ರಾಲ್ ಬೋಟುಗಳು, ಅಂದರೆ ಬಲೆ ಎಳೆಯುವ ದೊಡ್ಡ ಯಂತ್ರದ ಬೋಟುಗಳು, ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಅವರಿಗೆ ಕೂಲಿ ಇಲ್ಲ. ವಾರವಾರವೂ ಅವರ ಹೆಸರಿನ ಮುಂದೆ ಸೊನ್ನೆ ಬರೆಯಲು ಮನಸ್ಸಾಗದೆ ಒಂದು ಗೆರೆ ಎಳೆಯುತ್ತಿದ್ದೆ. ಒಲೆಯ ಮುಂದೆ ನಿಂತವರಿಗೆಲ್ಲ ಆ ಗೆರೆ ಕಾಣುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಆದರೆ ಅವರ ಹೆಂಡತಿ ಎಲ್ಲರದ್ದೂ ಆದ ಮೇಲೆ ಊಟಕ್ಕೆ ಕೂರತೊಡಗಿದರು. ನಾಡದೋಣಿಯವರ ಬಂಗುಡೆ ಸಿಕ್ಕಿದ ದಿನವೂ ತಮ್ಮ ಮಗಳ ಬಟ್ಟಲಿಗೆ ಬರೀ ಸಾರು ಹಾಕುತ್ತಿದ್ದರು. ನಾನು ನೋಡಿದೆ. ಅಕ್ಕನದ್ದು ತ್ಯಾಗದ ಗುಣ ಅಂದುಕೊಂಡೆ! ಆಗಸ್ಟಿನಲ್ಲಿ ಅವರ ಗಂಡ ಮೊದಲ ಕೂಲಿಯನ್ನು ಪೂರ್ತಿ ತಂದು ಆ ಪುಸ್ತಕದೊಳಗಿಟ್ಟರು. ಮರುದಿನ ಮನೆ ಖಾಲಿ ಮಾಡಿದರು. ಕ್ಷಮೆ ಕೇಳಲು ಅವರ ಮನೆ ಮೆಟ್ಟಿಲು ಹತ್ತುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಆದಿಸಭೆಯ ಕಥೆ ಹೇಳುವ ಬೈಬಲಿನ ಅಪೊಸ್ತಲರ ಕೃತ್ಯಗಳು 2:45ರಲ್ಲಿ, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿದರೆಂದಿದೆ. ಅಗತ್ಯಕ್ಕೆ ತಕ್ಕಂತೆ, ಕೊಟ್ಟದ್ದಕ್ಕೆ ತಕ್ಕಂತೆ ಅಲ್ಲ. ನನಗದು ಬಾಯಿಪಾಠವಿತ್ತು. ನೀವು ಮುಂದಿನ ವಚನವನ್ನೂ ಓದಿ: ಅವರು ರೊಟ್ಟಿ ಮುರಿದದ್ದು ತಮ್ಮ ಮನೆಗಳಲ್ಲಿ. ಒಂದೇ ಸೂರಿನಡಿ ಇರಬೇಕೆಂಬುದು ನಾವು ಸೇರಿಸಿಕೊಂಡದ್ದು. ಮಾರಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಹೊಲ ನಿನ್ನದೇ ಇತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಎಂದೇ ಯೇಸುವಿನ ಶಿಷ್ಯ ಪೇತ್ರನು, ಹೊಲ ಮಾರಿ ಹಣ ತಂದ ಅನನೀಯನಿಗೆ ಹೇಳಿದ್ದು. ಅನನೀಯ ಸಿಕ್ಕಿಬಿದ್ದದ್ದು ಆ ಹಣದಲ್ಲಿ ಒಂದು ಪಾಲು ಬಚ್ಚಿಟ್ಟು ಸುಳ್ಳು ಹೇಳಿದ್ದಕ್ಕೆ. ಅಗತ್ಯ ನೋಡಿ ಕೊಡುವುದೆಂದರೇನು ಎಂಬುದಕ್ಕೆ ನಮ್ಮೂರನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಇದೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕ್ರೈಸ್ತರಾದದ್ದಕ್ಕೆ ಮನೆ, ಕಸುಬು ಕಳೆದುಕೊಂಡವರಿಗೆ ಅಲ್ಲಿ ದುಡಿಮೆ ಸಿಕ್ಕಿತು.

ಮನೆ ಮಾರಬೇಡಿ ಮಾರಾಯ್ರೇ. ಮಾರಿದರೆ ನಾಳೆ ನಿಮ್ಮ ಮನೆಗೆ ಯಾರನ್ನು ಊಟಕ್ಕೆ ಕರೆಯುತ್ತೀರಿ? ನಿಮ್ಮ ಸಭೆಯಲ್ಲಿ ಮಳೆಗಾಲಕ್ಕೆ ಯಾರ ಕೂಲಿ ನಿಲ್ಲುತ್ತದೆಂದು ಮೊದಲು ತಿಳಿದುಕೊಳ್ಳಿ. ನಾವೀಗ ಆರು ಮನೆಯವರು, ಅವರವರ ಮನೆಯಲ್ಲೇ ಇದ್ದೇವೆ. ಮೇ ಕೊನೆಯ ವಾರ, ಯಾರೂ ಬಾಯಿಬಿಟ್ಟು ಕೇಳುವ ಮೊದಲೇ, ಅಕ್ಕಿ, ತೆಂಗಿನೆಣ್ಣೆ, ಮಕ್ಕಳ ಶಾಲೆಯ ಪುಸ್ತಕ ತಲುಪಿಸುತ್ತೇವೆ. ಹಣ ಹಾಕಲು ಒಂದು ಡಬ್ಬ ಉಂಟು. ಯಾರು ಎಷ್ಟು ಹಾಕಿದರೆಂದು ಎಲ್ಲೂ ಬರೆಯುವುದಿಲ್ಲ.