ವರ್ಕ್‌ಶಾಪ್ ಸರ್ವರ್‌ಗೆ ಯಾವ ಲಿನಕ್ಸ್?

ಪ್ರಶ್ನೆ: ಸರ್, ಪುಣೆಯ ಭೋಸರಿಯಲ್ಲಿ ನಮ್ಮದು ಚಿಕ್ಕ ವರ್ಕ್‌ಶಾಪ್. ಬಿಲ್ಲಿಂಗ್, ಸ್ಟಾಕು, ಡ್ರಾಯಿಂಗ್ ಫೈಲು ಎಲ್ಲ ಒಂದೇ ಸರ್ವರ್‌ನಲ್ಲಿವೆ, ಅದರಲ್ಲಿರೋದು ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್. ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋದ. ಈಗ ಅಪ್‌ಡೇಟ್ ಕೊಟ್ಟರೆ ಮಿರರ್‌ಲಿಸ್ಟ್ ಸಿಗುತ್ತಿಲ್ಲ ಅಂತ ಬರುತ್ತದೆ. ಒಬ್ಬರು ಉಬುಂಟು ಅಂತಾರೆ, ಇನ್ನೊಬ್ಬರು ರಾಕಿ, ಮತ್ತೊಬ್ಬರು ಡೆಬಿಯನ್. ಯಾವುದು ಹಾಕಲಿ?
– ಓದುಗರೊಬ್ಬರು, ಭೋಸರಿ

ಉತ್ತರ: ಮೊದಲು ಇಂಟರ್ನೆಟ್‌ನವನಿಗೆ ಬೈಯೋದು ನಿಲ್ಲಿಸಿ, ತಪ್ಪು ಅವನದಲ್ಲ. ಸೆಂಟ್‌ಓಎಸ್ 7ರ ಅವಧಿ 2024ರ ಜೂನ್ 30ಕ್ಕೇ ಮುಗಿದಿದೆ, ಅಪ್‌ಡೇಟ್ ಎಲ್ಲಿಂದ ಇಳಿಸಬೇಕು ಅಂತ ಹೇಳೋ ಆ ಮಿರರ್‌ಲಿಸ್ಟ್ ವಿಳಾಸವನ್ನೂ ತೆಗೆದುಬಿಟ್ಟಿದ್ದಾರೆ. ಆವತ್ತಿನಿಂದ ನಿಮಗೆ ಸೆಕ್ಯುರಿಟಿ ಪ್ಯಾಚ್ ಇಲ್ಲ. ಮನೆಯಿಂದ ಲಾಗಿನ್ ಆಗೋಕೆ ಅಂತ ಹೊರಗಿನ ಪೋರ್ಟ್ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ.

ಇನ್ನು ಯಾವುದು ಅಂತ ನನ್ನನ್ನು ಕೇಳೋ ಮೊದಲು ಬಿಲ್ಲಿಂಗ್ ಸಾಫ್ಟ್‌ವೇರ್‌ನವರನ್ನು ಕೇಳಿ. ಅವರು ರೆಡ್ ಹ್ಯಾಟ್ (ಸೆಂಟ್‌ಓಎಸ್‌ನ ಹಿಂದಿರೋ ಕಂಪನಿ) ಕಡೆಯದೇ ಬೇಕು ಅಂದರೆ ಆಲ್ಮಾ ಅಥವಾ ರಾಕಿ. ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುತ್ತೇವೆ ಅಂತ 2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಕಡೆಯವರು ಹೇಳಿದಾಗ ಹುಟ್ಟಿಕೊಂಡವು ಇವೆರಡೂ, ಎರಡೂ ಉಚಿತ, ಒಂದೊಂದು ಆವೃತ್ತಿಗೂ ಸುಮಾರು 10 ವರ್ಷ ಅಪ್‌ಡೇಟ್. ನನ್ನ ಓಟು ಆಲ್ಮಾ 9ಕ್ಕೆ, 2032ರವರೆಗೆ ತಲೆನೋವಿಲ್ಲ. 10ಕ್ಕೆ ಹಾರಬೇಡಿ. ರೆಡ್ ಹ್ಯಾಟ್ 10 ಹಳೇ ಪ್ರೊಸೆಸರ್‌ಗಳನ್ನು ಕೈಬಿಟ್ಟಿದೆ, ನಿಮ್ಮ ಮೆಷಿನ್ನೂ ಹಳೇದೇ ಇರಬೇಕು ಅಲ್ವಾ? (ಆಲ್ಮಾದವರು ಅಂಥ ಮೆಷಿನ್‌ಗೂ ಬೇರೆ ಬಿಲ್ಡ್ ಕೊಡುತ್ತಾರೆ, ಅದಕ್ಕೇ ನನಗೆ ಅವರು ಇಷ್ಟ.)

ಯಾವುದಾದರೂ ನಡೆಯುತ್ತೆ ಅಂದರೆ ಡೆಬಿಯನ್. ಹಿಂದೆ ಕಂಪನಿ ಇಲ್ಲ, ರಾತ್ರೋರಾತ್ರಿ ಮನಸ್ಸು ಬದಲಾಯಿಸುವವರಿಲ್ಲ, ಆದರೆ ಅಪ್‌ಡೇಟ್ 5 ವರ್ಷ ಅಷ್ಟೇ. ಉಬುಂಟು ಆದರೆ ಎಲ್‌ಟಿಎಸ್ (ಹೆಚ್ಚು ಕಾಲ ಅಪ್‌ಡೇಟ್ ಸಿಗೋ ಆವೃತ್ತಿ) ಮಾತ್ರ, ಬೇರೆಯವು 9 ತಿಂಗಳಿಗೇ ಮುಗಿಯುತ್ತವೆ.

ಆದರೆ ಸರ್ವರ್ ಕೆಟ್ಟು ಕೂತಾಗ ಬರೋ ಮನುಷ್ಯನಿಗೆ ಉಬುಂಟು ಮಾತ್ರ ಗೊತ್ತಿದ್ದರೆ, ಮೇಲೆ ಹೇಳಿದ್ದೆಲ್ಲ ಬಿಟ್ಟು ಉಬುಂಟುನೇ ಹಾಕಿ. ನಮ್ಮ ಹಳೇ ಆಫೀಸಿನಲ್ಲಿ ಒಬ್ಬ ಮಹಾಶಯ ಶೋಕಿಗೆ ಜೆಂಟೂ ಹಾಕಿದ್ದ, ಎಲ್ಲವನ್ನೂ ಕೈಯಾರೆ ಕಟ್ಟಿಕೊಳ್ಳಬೇಕಾದ ಲಿನಕ್ಸ್ ಅದು. ಗಣಪತಿ ವಿಸರ್ಜನೆ ದಿನ ಸರ್ವರ್ ನಿಂತಿತು, ಫೋನ್ ಮಾಡಿದರೆ ಲಕ್ಷ್ಮೀ ರಸ್ತೆಯ ಢೋಲ್ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಹಳೇದರ ಮೇಲೇ ಅಪ್‌ಗ್ರೇಡ್ ಮಾಡೋಕೆ ಹೋಗಬೇಡಿ. ಹೊಸ ಡಿಸ್ಕ್ ತಂದು ಹೊಸದಾಗಿ ಹಾಕಿ, ಡೇಟಾ ಕಾಪಿ ಮಾಡಿ, ಹಳೇ ಡಿಸ್ಕ್ ಬಿಚ್ಚಿ ಒಂದು ತಿಂಗಳು ಬೀರುವಿನಲ್ಲಿಡಿ. ನಿಮ್ಮ ಕಡೆ ಕಾರ್ಖಾನೆಗಳಿಗೆ ಗುರುವಾರ ರಜೆ ಅಂತ ಅವತ್ತೇ ಶುರು ಮಾಡೀರಿ, ಕರೆಂಟ್ ತೆಗೆಯೋದೂ ಗುರುವಾರವೇ!