ಒಂದು ಹಿಮ್ಮಡಿ, ಒಂದು ಮೊಳೆ

ಶಿವಮೊಗ್ಗದ ಓದುಗರೊಬ್ಬರ ಪತ್ರ: 'ರೋಮನ್ನರು ಸಾವಿರಾರು ಜನರನ್ನು ಶಿಲುಬೆಗೇರಿಸಿದರು ಎಂದು ಎಲ್ಲ ಕಡೆ ಓದುತ್ತೇವೆ. ಆದರೆ ಅಗೆದಾಗ ಸಿಕ್ಕಿರುವುದು ಬೆರಳೆಣಿಕೆಯ ಮೂಳೆಗಳಂತೆ. ಹಾಗಾದರೆ ಇದೆಲ್ಲ ಉಬ್ಬಿಸಿ ಹೇಳಿದ್ದಲ್ಲವೇ? ಮಣ್ಣಲ್ಲಿ ಸಿಗದ್ದನ್ನು ಯಾಕೆ ನಂಬಬೇಕು?'

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ಅನುಮಾನ ಪಡುವುದು ಒಳ್ಳೆಯದೇ. ಹಿಂದಿನವರು ಲೆಕ್ಕ ಉಬ್ಬಿಸುತ್ತಿದ್ದದ್ದೂ ಉಂಟು. ಗುಲಾಮರ ನಾಯಕ ಸ್ಪಾರ್ಟಕಸ್‌ನ ದಂಗೆ ಅಡಗಿದ ಮೇಲೆ, ಕ್ರಿ.ಪೂ. 71ರಲ್ಲಿ, ಇಟಲಿಯ ಕಾಪುವಾ ಊರಿನಿಂದ ರೋಮಿನವರೆಗೆ ದಾರಿಯುದ್ದಕ್ಕೂ 6000 ಜನರನ್ನು ಶಿಲುಬೆಗೇರಿಸಿದರು ಎಂದು ಹಳೆಯ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಅಷ್ಟೂ ತಲೆಗಳನ್ನು ಯಾರೂ ಎಣಿಸಿರಲಿಕ್ಕಿಲ್ಲ. ಇಷ್ಟು ನಿಮ್ಮ ಪಾಲಿಗೆ. ಆದರೆ ಸಿಗಲಿಲ್ಲ, ಹಾಗಾಗಿ ನಡೆದಿಲ್ಲ ಅನ್ನುತ್ತೀರಲ್ಲ, ಅದನ್ನು ನಾನು ಒಪ್ಪಲಾರೆ.

ಮೊದಲು ಸಿಕ್ಕಿದ್ದನ್ನು ನೋಡೋಣ. 1968ರಲ್ಲಿ ಜೆರುಸಲೇಮಿನ ಗಿವಾತ್ ಹಾಮಿವ್ತಾರ್‌ನಲ್ಲಿ ಪುರಾತತ್ವಜ್ಞ ವಾಸಿಲಿಯೋಸ್ ತ್ಸಾಫೆರಿಸ್ ಕೆಲವು ಹಳೆಯ ಸಮಾಧಿಗಳನ್ನು ಅಗೆದರು. ಅಲ್ಲೊಂದು ಸುಣ್ಣಕಲ್ಲಿನ ಪೆಟ್ಟಿಗೆ. ಮೇಲೆ ಯೆಹೋಹಾನಾನ್ ಎಂದು ಹೆಸರು ಗೀರಿದ್ದರು. ಒಳಗೆ ಮೂಳೆಗಳು. ಬಲಗಾಲಿನ ಹಿಮ್ಮಡಿ ಮೂಳೆಯ ಅಡ್ಡಕ್ಕೆ 11.5 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಹಾದುಹೋಗಿತ್ತು. ಮೊಳೆಯ ತಲೆಗೂ ಮೂಳೆಗೂ ನಡುವೆ ಚೂರು ಮರ. ಕಾಲು ಮೊಳೆಯಿಂದ ಕಿತ್ತು ಬಾರದಿರಲಿ ಎಂದು ಇಟ್ಟದ್ದು. ಮೊಳೆಯ ತುದಿ ಮಾತ್ರ ಕೊಕ್ಕೆಯಂತೆ ಬಾಗಿತ್ತು. ಮರದ ಗಂಟಿಗೆ ತಗುಲಿರಬೇಕು. ಬಾಗಿದ್ದರಿಂದ ಅದನ್ನು ಕೀಳಲು ಆಗಲಿಲ್ಲ. ಮನೆಯವರು ಹಾಗೆಯೇ ಮಣ್ಣು ಮಾಡಿದರು. ಆ ಮೊಳೆ ನೆಟ್ಟಗೆ ಇಳಿದಿದ್ದರೆ ಈ ಸಾಕ್ಷಿಯೇ ನಮಗೆ ಇರುತ್ತಿರಲಿಲ್ಲ.

ಮೊದಲು ನೋಡಿದ ತಜ್ಞರು ಒಂದೇ ಮೊಳೆ ಎರಡೂ ಹಿಮ್ಮಡಿಗಳನ್ನು ಚುಚ್ಚಿದೆ ಎಂದಿದ್ದರು. 1985ರಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಇಲ್ಲ, ಈ ಮೊಳೆ ಬಲಗಾಲಿನದು ಮಾತ್ರ, ಕಂಬದ ಆಚೀಚೆ ಒಂದೊಂದು ಕಾಲಿಟ್ಟು ಹೊಡೆದಿದ್ದಾರೆ ಎಂದು ತಿದ್ದಿದರು. ಕೈಗೆ ಮೊಳೆ ಹೊಡೆದ ಗುರುತಿರಲಿಲ್ಲ. ಬಹುಶಃ ಹಗ್ಗದಲ್ಲಿ ಕಟ್ಟಿದ್ದರು. ಹಗ್ಗ ಮೂಳೆಯ ಮೇಲೆ ತೂತು ಬಿಡುತ್ತದೆಯೇ?

ಇನ್ನೊಂದು ಸಾಕ್ಷಿ ಆಗ ರೋಮನ್ನರ ಆಳ್ವಿಕೆಯಲ್ಲಿದ್ದ ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರಿನ ಫೆನ್‌ಸ್ಟಾಂಟನ್ ಎಂಬ ಹಳ್ಳಿಯದ್ದು. 2017ರಲ್ಲಿ ಅಗೆದರು. ದೇಹದ ಸುತ್ತ 12 ಮೊಳೆ ಸಿಕ್ಕಿದ್ದವು. ಹದಿಮೂರನೆಯದು ಕಂಡದ್ದು ಆಮೇಲೆ, ಮೂಳೆ ತೊಳೆಯುವಾಗ. ಹಿಮ್ಮಡಿಯೊಳಗೇ ಇತ್ತು. ಪಕ್ಕದಲ್ಲೇ ಇನ್ನೊಂದು ಸಣ್ಣ ಕುಳಿ. ಮೊದಲ ಏಟು ತಪ್ಪಿತ್ತು ಅಂತ ಕಾಣುತ್ತದೆ. ಇದನ್ನು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತಿತು.

ಯಾಕೆ ಇಷ್ಟು ಕಡಿಮೆ ಅಂದರೆ, ಶಿಲುಬೆಗೆ ಹೋದವರು ಹೆಚ್ಚಾಗಿ ಗುಲಾಮರು, ದಂಗೆಯೆದ್ದವರು. ಹೆಣ ಎಷ್ಟೋ ಸಲ ಅಲ್ಲೇ ಹದ್ದು ನಾಯಿಗಳ ಪಾಲು. ಮರ ಗೆದ್ದಲು ಹಿಡಿಯಿತು. ಮೊಳೆಗಳನ್ನು ತಾಯತದ ಹಾಗೆ ಒಯ್ಯುವವರಿದ್ದರು. ಕಲ್ಲಿನ ಪೆಟ್ಟಿಗೆಗೆ ದುಡ್ಡು ಬೇಕು, ಹೆಣ ಕೇಳಿ ತರಲು ಧೈರ್ಯವಿರುವ ಬಂಧುಗಳೂ ಬೇಕು. ಯೆಹೋಹಾನಾನ್‌ಗೆ ಎರಡೂ ಇತ್ತು.

ಮೂಳೆಯೊಂದೇ ಸಾಕ್ಷಿಯೂ ಅಲ್ಲ. ಇಟಲಿಯ ಪುತಿಯೋಲಿ ಊರಿನ ಒಂದು ಶಾಸನದಲ್ಲಿ ಹೆಣ ಸಾಗಿಸುವ, ಶಿಕ್ಷೆ ಜಾರಿ ಮಾಡುವ ಗುತ್ತಿಗೆಯ ಷರತ್ತುಗಳಿವೆ. ಯಜಮಾನ ತನ್ನ ಗುಲಾಮನಿಗೆ ಈ ಶಿಕ್ಷೆ ಕೊಡಿಸಬೇಕೆಂದರೆ ಆಳೊಬ್ಬನಿಗೆ 4 ಸೆಸ್ಟರ್ಸ್ (ರೋಮನ್ ನಾಣ್ಯ) ಕೂಲಿ ಕೊಡಬೇಕು. ಅಧಿಕಾರಿಯ ಆಜ್ಞೆಯಾದರೆ ಶಿಲುಬೆ, ಮೊಳೆ, ರಾಳ, ಮೇಣ ಎಲ್ಲ ಗುತ್ತಿಗೆದಾರನೇ ಪುಕ್ಕಟೆ ಒದಗಿಸಬೇಕು. ಸುಮ್ನೆ ಕಥೆ ಕಟ್ಟುವವರು ಕೂಲಿಯ ದರ ಕೆತ್ತಿಸುತ್ತಾರೆಯೇ? ಕಣ್ಣಾರೆ ಕಂಡವನೂ ಇದ್ದಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಶಿಲುಬೆಯ ಮೇಲೆ ತನ್ನ ಪರಿಚಯದ ಮೂವರನ್ನು ಕಂಡು, ಅಳುತ್ತಾ ಹೋಗಿ ರೋಮನ್ ಸೇನಾಪತಿ ಟೈಟಸ್‌ಗೆ ಹೇಳಿದ. ಇಳಿಸಿದರು, ಔಷಧಿ ಮಾಡಿದರು. ಇಬ್ಬರು ಸತ್ತರು, ಒಬ್ಬ ಉಳಿದ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಆದರೆ 'ಪುರಾವೆ ತೋರಿಸಿ' ಅನ್ನುವ ಮಾತು ಈಗ ಜಾಸ್ತಿಯಾಗಿದೆ, ಅದನ್ನು ಕೇಳುವುದು ಯಾವಾಗಲೂ ಬಡವರ ವಿಷಯಕ್ಕೇ. ರಾಜ ಗೆದ್ದ ಎಂದರೆ ಅವನೇ ಕೆತ್ತಿಸಿದ ಕಲ್ಲು ಸಾಕು. ಕೂಲಿಯವನು ಸತ್ತ ಎಂದರೆ ಮೂಳೆ ತಾ ಅನ್ನುತ್ತೇವೆ. ನಮ್ಮ ತಾತನ ತಮ್ಮ ನಾಲೆ ಅಗೆಯುವ ಕೆಲಸಕ್ಕೆ ಹೋಗಿದ್ದರು. ದಡ ಕುಸಿಯಿತು, ಅವರು ಮನೆಗೆ ಬರಲಿಲ್ಲ. ಆ ನಾಲೆಯ ತೂಬಿನ ಹತ್ತಿರ ಇವತ್ತಿಗೂ ಒಂದು ಕಲ್ಲಿದೆ. ಅದರಲ್ಲಿ ಉದ್ಘಾಟನೆ ಮಾಡಿದವರ ಹೆಸರಿದೆ. ನಮ್ಮ ಅಜ್ಜಿ ಆ ದಾರಿಯಲ್ಲಿ ಹೋದಾಗಲೆಲ್ಲ ಅಲ್ಲಿ ನಿಂತು ಒಂದು ಹಿಡಿ ಅಕ್ಕಿ ನೀರಿಗೆ ಬಿಡುತ್ತಿದ್ದರು. ನಾಳೆ ಯಾರಾದರೂ ಅಗೆದರೆ ಆ ಅಕ್ಕಿ ಸಿಗುತ್ತದೆಯೇ ಹೇಳಿ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಹಿರಿಯರನ್ನು ಕೇಳಿ. ಹೆಸರು, ಊರು, ಏನಾಯಿತು ಎಂಬುದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಬಿಟ್ಟಿಡುತ್ತೇನೆ.